ಹಗೂರಕ ಸವರ್ರಿ

ಏಪ್ರಿಲ್ 2

ಮತ್ತೆ ಗುಡಿಸಿ ಬಂದೆ. ಬೇವಿನ ಹೂವಿಗೆ ನಾಚಿಕೆ ಅನ್ನುವುದೇ ಇಲ್ಲ. ಬುಟ್ಟಿ ತುಂಬಿ ತಿರುಗಿ ನೋಡುವಷ್ಟರಲ್ಲಿ ಅಂಗಳ ಮತ್ತೆ ಬೆಳ್ಳಗೆ. ಹೋದ ತಿಂಗಳೆಲ್ಲ ಹಳದಿ ಎಲೆ, ಈಗ ಹೂವು, ಮುಂದೆ ಹಣ್ಣು, ಹಣ್ಣಿನ ಹಿಂದೆ ನೊಣ... ಈ ಗಿಡಕ್ಕೆ ನಾನು ಪಗಾರಿಲ್ಲದ ಆಳು.

ಗೋಡೆಯ ಆಚೆ ತಂಗೆವ್ವ ಆಡುಗಳಿಗೆ ನೀರು ಇಡುತ್ತಿದ್ದಳು. ಶುರು ಮಾಡಿದಳು.

"ವೈನಿ, ನನ್ನ ಕಡಿ ಬಿದ್ದದ್ದೂ ನಿಮ್ಮ ಗಿಡದ ಹೂವ. ಇತ್ತಾಗ ಬಂದು ಗುಡಸ್ರಿ."

"ನಿನ್ನೆ ನಮ್ಮ ಗಿಡ, ನಮ್ಮ ಗಿಡ ಅಂತಿದ್ದೆಲ್ಲಬೇ?"

"ನಿನ್ನೆ ನೆಳ್ಳಾಗ ಕುಂತಿದ್ನಿ. ಇವತ್ತ ಕಸಬರಿಗಿ ಹಿಡದೀನಿ."

ಇದು ನಮ್ಮಿಬ್ಬರ ಹಳೆಯ ವ್ಯಾಜ್ಯ. ಅವಳ ಅತ್ತೆ ಆಡು ಕಟ್ಟಲು ಬಡಿದ ಗೂಟ ಚಿಗುರಿ ಈ ಗಿಡವಾಯಿತಂತೆ. ನಮ್ಮ ಮಾವ ಜಮಖಂಡಿ ಸಂತೆಯಿಂದ ಕೈಚೀಲದಲ್ಲಿ ಸಸಿ ತಂದರು ಅಂತ ನಮ್ಮ ಮನೆಯ ಮಾತು. ನೋಡಿದವರು ಇಬ್ಬರೂ ಈಗ ಇಲ್ಲ. ಬೊಡ್ಡೆ ನಮ್ಮ ಅಂಗಳದಲ್ಲಿ, ಗೋಡೆಗೆ ಹತ್ತಿಕೊಂಡು. ಅರ್ಧ ತಲೆ ನಮ್ಮ ಹಂಚಿನ ಮೇಲೆ, ಅರ್ಧ ಅವಳ ತಗಡಿನ ಮನೆಯ ಮೇಲೆ. ನಾನು ಈ ಮನೆಗೆ ಮದುವೆಯಾಗಿ ಬಂದ ವರ್ಷವೇ ಅವಳೂ ಆ ಮನೆಗೆ ಬಂದಳು. ಅಂದಿನಿಂದ ನಮ್ಮ ಮಾತೆಲ್ಲ ಈ ಗೋಡೆಯ ಮೇಲೆಯೇ. ನಡುವೆ ಹೂವು ಬೀಳುತ್ತಿರುತ್ತದೆ.

ಸಂಜೆ ಇವರು ಅಂಗಡಿಯಿಂದ ಬಂದು ಕಟ್ಟೆಯ ಮೇಲೆ ಕೂತರು. ಗಿಡದ ಸುತ್ತ ಟೈಲ್ಸ್ ಹಾಕಿಸಿದ ಕಟ್ಟೆ. ಮಾವನವರು ಹೋದ ಮೇಲೆ ಇವರೇ ನಿಂತು ಕಟ್ಟಿಸಿದ್ದು. ಕಪ್ಪು ಕಲ್ಲಿನ ಮೇಲೆ 'ದಿ. ಪಾಯಪ್ಪನವರ ಸ್ಮರಣಾರ್ಥ'. ಅದರ ಮೇಲೆ ಒಂದು ಎಲೆ ಬಿದ್ದರೂ ಧೋತರದ ಚುಂಗಿನಿಂದ ಒರೆಸುತ್ತಾರೆ. ಗಂಡನ ಹೆಸರು ಬರೆದರೆ ಆಯುಷ್ಯ ಕಡಿಮೆ ಆಗುತ್ತದೆ ಅಂತ ಅತ್ತೆ ಹೇಳುತ್ತಿದ್ದರು. ಇವತ್ತು ಬರೆದೇಬಿಟ್ಟೆ: ಅಭಿನಂದನ. ನೋಡೋಣ ಏನಾಗುತ್ತದೆ.

ಏಪ್ರಿಲ್ 9, ಸಂಜೆ

ಊಟಕ್ಕೆ ತಟ್ಟೆ ಹಾಕಿದ್ದೆ. ಹೊತ್ತು ಮುಳುಗುವುದರೊಳಗೆ ಮುಗಿಸಬೇಕು. ಮೋಡ ಇರಲಿಲ್ಲ, ಧೂಳು ಇತ್ತು. ಆಮೇಲೆ ಗಾಳಿ. ವರ್ಷದ ಮೊದಲ ಗಾಳಿ ಯಾವಾಗಲೂ ಜಗಳ ತೆಗೆಯಲು ಬಂದವರ ಹಾಗೆ ಬರುತ್ತದೆ... ಬಾಗಿಲು ದೂಡಿ, ಬಟ್ಟೆ ಎಳೆದು. ಗಿಡ ಒಮ್ಮೆ ನರಳಿತು. ಆಮೇಲೆ ತಗಡಿನ ಮೇಲೆ ಧಡ್!

ಕೂಗಿದೆ. ಉತ್ತರ ಇಲ್ಲ. ನೀರು ಕಾಯಿಸುವ ಹಂಡೆಯ ಕಲ್ಲಿನ ಮೇಲೆ ಹತ್ತಿ ಗೋಡೆ ದಾಟಿದೆ. ಈ ವಯಸ್ಸಿನಲ್ಲಿ, ಈ ಮೊಣಕಾಲಲ್ಲಿ. ಹೇಗೆ ದಾಟಿದೆ ಅಂತ ಈಗ ಕೇಳಿದರೆ ಗೊತ್ತಿಲ್ಲ.

ತಂಗೆವ್ವ ಬಾಗಿಲಲ್ಲೇ ನಿಂತಿದ್ದಳು. ಆಡಿನ ಮರಿ ಕರೆದುಕೊಂಡು ಬರಲು ಆಗಷ್ಟೇ ಎದ್ದಿದ್ದಳಂತೆ. ತೊಡೆ ದಪ್ಪದ ಟೊಂಗೆ ತಗಡು ಹರಿದು ಒಳಗೆ ಇಳಿದಿತ್ತು. ಅವಳು ಮಲಗುವ ಹೊರಸು ಎರಡು ತುಂಡು.

"ಹೊರಸಿಗೆ ವಯಸ್ಸಾಗಿತ್ತ್ ಬಿಡ್ರಿ" ಅಂದಳು. ನಗಲು ಹೋದಳು, ಆಗಲಿಲ್ಲ. ನನ್ನ ಕೈ ಹಿಡಿದಳು.

ಹೊರಗೇ ನಿಂತೆವು. ಹೊಸ್ತಿಲ ಒಳಗೆ ನಾನು ಹೋಗಲಿಲ್ಲ, ಅವಳೂ ಕರೆಯಲಿಲ್ಲ. ಬೀರಪ್ಪನ ಹಬ್ಬಕ್ಕೆ ಅವಳ ಒಲೆಯ ಮೇಲೆ ಮಾಂಸ ಬೇಯುತ್ತದೆ. ನಮ್ಮಲ್ಲಿ ಗಡ್ಡೆ-ಗೆಣಸು ಕೂಡ ಒಳಗೆ ಬರುವುದಿಲ್ಲ, ನೀರೂ ಸೋಸಿಯೇ ಕುಡಿಯಬೇಕು. ಇಷ್ಟು ವರ್ಷದಲ್ಲಿ ಅವಳ ಮನೆಯ ಒಂದು ಗುಟುಕು ನೀರು ಕುಡಿದಿಲ್ಲ. ಅದಕ್ಕೆ ಅವಳಿಗೆ ಸಿಟ್ಟಿಲ್ಲ, ನನಗೆ ಸೊಕ್ಕಿಲ್ಲ. ಹಾಗೇ ನಡೆದುಕೊಂಡು ಬಂದಿದೆ.

ತಟ್ಟೆ ಹಾಕಿದ್ದು ಹಾಗೇ ಉಳಿಯಿತು. ಕತ್ತಲಾಗಿತ್ತು. ಕತ್ತಲಾದ ಮೇಲೆ ನಾವು ಉಣ್ಣುವುದಿಲ್ಲ, ಇವರೂ ನಾನೂ ಉಪವಾಸ.

ಏಪ್ರಿಲ್ 10

ಮಹಾವೀರ ಜಯಂತಿ. ಬಸದಿಯಿಂದ ಬರುವಷ್ಟರಲ್ಲಿ ತಂಗೆವ್ವನ ಮಗ ಸಿದರಾಯ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಚಿಕ್ಕಪಡಸಲಗಿಯಲ್ಲಿ ಹೊಳೆದಂಡೆಗೆ ಕಬ್ಬು ಮಾಡುತ್ತಾನೆ. ಸುದ್ದಿ ಕೇಳಿ ಬೆಳಗಿನ ಬಸ್ಸಿಗೇ ಬಂದಿದ್ದಾನೆ. ತಗಡು ಅವನೇ ಹೊಂದಿಸಿದ. ಕೈ ತೊಳೆದು, ಟೋಪಿ ತೆಗೆದು, ಸಣ್ಣ ದನಿಯಲ್ಲಿ ಹೇಳಿದ.

"ಸಾವಕಾರ್ರ, ತಪ್ಪ ತಿಳಕೋಬ್ಯಾಡ್ರಿ. ಗಿಡಾರ ತಗೀರಿ, ಇಲ್ಲಾ ಅವ್ವನ್ನರ ನಾ ಕರಕೊಂಡು ಹೋಗ್ತೇನಿ. ಮಿರಗ ಕೂಡೂದ್ರೊಳಗ ಯಾವುದರ ಒಂದ ಆಗಬೇಕು. ಆ ಗಾಳಿ ನಾ ನಂಬಂಗಿಲ್ಲ."

ಮಿರಗ ಅಂದರೆ ಮೃಗಶಿರ ಮಳೆ, ಜೂನ್ ಮೊದಲ ವಾರ ಕಳೆದರೆ ಬಂತು.

ಇವರು "ನೋಡೂಣು" ಅಂದರು. ಇವರ 'ನೋಡೂಣು' ನನಗೆ ಗೊತ್ತಿದೆ. ಗೋಡೆಯ ಆಚೆಯಿಂದ ತಂಗೆವ್ವ ಕೂಗಿದಳು, "ಲೇ ಸಿದ್ಯಾ, ನಾ ಎಲ್ಲೂ ಬರಂಗಿಲ್ಲ! ಗಿಡಕ್ಕ ಕೈ ಹಚ್ಚಿದ್ರ ನಿನ್ನ ಕೈ ಮುರೀತೇನಿ!" ಅವನು ತಲೆ ತಗ್ಗಿಸಿದ. ಪಾಪ, ಅವನದೇನು ತಪ್ಪು? ತಾಯಿಯ ಹೊರಸು ಎರಡು ತುಂಡಾಗಿ ಬಿದ್ದದ್ದನ್ನು ನೋಡಿದವನು.

ಗಿಡ ಹೋದರೆ ಅವಳು ಉಳಿಯುತ್ತಾಳೆ. ಗಿಡ ಉಳಿದರೆ ಅವಳು ಹೋಗುತ್ತಾಳೆ. ನನಗೆ ಎರಡೂ ಬೇಕು. ಹಟಮಾರಿ ಅಂದರೆ ಅನ್ನಲಿ.

ಏಪ್ರಿಲ್ 13

ಅಣ್ಣನ ಮಗಳು ಮೇಘಾಳನ್ನು ಮುಧೋಳದಿಂದ ಕರೆಸಿದೆ. ತೋಟಗಾರಿಕೆ ಓದಿದವಳು, ಈಗ ನರ್ಸರಿಯಲ್ಲಿ ಕೆಲಸ. ಸ್ಕೂಟಿ ನಿಲ್ಲಿಸಿದವಳೇ ಚಹಾ ಕೂಡ ಕೇಳದೆ ಗಿಡದ ಸುತ್ತ ತಿರುಗಿದಳು. ಕಲ್ಲು ತಗೊಂಡು ಬೊಡ್ಡೆಗೆ ಕುಟ್ಟಿ ಕಿವಿ ಇಟ್ಟಳು. ತಂಗೆವ್ವ ಗೋಡೆಗೆ ಗದ್ದ ಊರಿ ನೋಡುತ್ತಿದ್ದಳು. "ಡಾಕ್ಟರ್‌ಬಾಯಿ, ಜ್ವರಾ ಅದಾವೇನ್ರಿ?"

"ಅತ್ತಿ, ಗಿಡ ಗಟ್ಟಿ ಐತಿ. ತಲಿ ಭಾರ ಆಗೇತಿ. ಗಾಳಿ ತೂರಿ ಹೋಗಾಕ ದಾರಿನ ಇಲ್ಲ, ಅದಕ್ಕ ಬಡೀತೈತಿ. ಒಳಗಿನ ಒಣಗಿದ ಟೊಂಗಿ, ಒಂದಕ್ಕೊಂದು ತಿಕ್ಕೂ ಟೊಂಗಿ... ಅಷ್ಟ ತಗಸ್ರಿ. ಎರಡೂ ಕಡಿ ಸಮ. ಕಾಲು ಭಾಗಕ್ಕಿಂತ ಹೆಚ್ಚು ಬ್ಯಾಡ."

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಛಲೋ ಇತ್ತು! ಬಗ್ಗಿ ಕಟ್ಟೆ ನೋಡಿದಳು. ಸಿಮೆಂಟು ಬೊಡ್ಡೆಯ ತೊಗಟೆಗೇ ಹತ್ತಿಕೊಂಡಿದೆಯಲ್ಲ, ಅಲ್ಲಿ ಬೆರಳು ಇಟ್ಟಳು.

"ಮಾಮಾ, ಇದನ್ನ ಯಾರ್ ಕಟ್ಟಿಸಿದ್ರು? ಗಿಡದ ಕುತ್ತಿಗಿತನಕ ಮಣ್ಣ ಹಾಕಿ ಹೂತಬಿಟ್ಟಾರ. ಬುಡಕ್ಕ ಉಸರ ಇಲ್ಲ. ಒಳಗ ಕೊಳ್ಯಾಕ ಹತ್ತಿರತೈತಿ. ಇದನ್ನ ಒಡೀಬೇಕು."

ಇವರ ಮುಖ ನೋಡಲು ಆಗಲಿಲ್ಲ. ಎದ್ದು ಒಳಗೆ ಹೋದರು. ಮೇಘಾ ನಾಲಿಗೆ ಕಚ್ಚಿಕೊಂಡಳು. ಆ ಕಪ್ಪು ಕಲ್ಲಿನ ಮೇಲಿನ ಹೆಸರು ಆಮೇಲೆ ಓದಿದಳು.

ಏಪ್ರಿಲ್ 14

ಅಂಗಡಿಗೆ ಹೋಗಲಿಲ್ಲ. ಇಡೀ ದಿನ ಕಟ್ಟೆಯ ಮೇಲೆ ಕೂತರು. ಪೇಪರ್ ಹಿಡಿದಿದ್ದರು, ಪುಟ ತಿರುವಿದ್ದು ಕಾಣಲಿಲ್ಲ. ಚಹಾ ಕೊಡಲು ಹೋದಾಗ ಅಂದರು, "ಅಪ್ಪಗ ನೆಳ್ಳ ಭಾಳ ಸೇರತಿತ್ತು. ನಾ ಏನ್ ಗಿಡಾ ಸಾಯ್ಲಿ ಅಂತ ಕಟ್ಟಿಸಿದ್ನ್ಯಾ?"

ಪ್ರೀತಿಯಿಂದ ಮಾಡಿದ್ದು. ಪ್ರೀತಿಯಿಂದಲೇ ಉಸಿರು ಕಟ್ಟಿತು. ಬಿಸ್ಕೀಟು ಎರಡು ಜಾಸ್ತಿ ಇಟ್ಟು ಬಂದೆ.

ಏಪ್ರಿಲ್ 19

ಗಿಡ ಹತ್ತುವವನು ಸಿಕ್ಕ. ಹಾಲೇಶ, ರನ್ನ ಬೆಳಗಲಿಯವನು. 26ಕ್ಕೆ ಬರುತ್ತೇನೆ ಅಂದ. ಕ್ಯಾಲೆಂಡರ್ ನೋಡಿದರೆ ಅವತ್ತು ಚೌದಶಿ, ಅಮಾವಾಸ್ಯೆಯ ಹಿಂದಿನ ಚತುರ್ದಶಿ! ಚೌದಶಿ ದಿನ ನಮ್ಮಲ್ಲಿ ಕೊತ್ತಂಬರಿ ಎಲೆ ಕೂಡ ಹರಿಯುವುದಿಲ್ಲ. ಹಸಿರಿಗೆ ಈಳಿಗೆ ತಾಗಿಸುವುದಿಲ್ಲ. ಇನ್ನು ಇಡೀ ಗಿಡಕ್ಕೆ ಕೊಡಲಿ?

"ಗಿಡಕ್ಕ ಚೌದಶಿ ತಿಳೀತೈತೇನ್ರಿ ಬಾಯಾರ?" ಫೋನಿನಲ್ಲಿ ನಕ್ಕ.

"ನನಗ ತಿಳೀತೈತಿ. 28ಕ್ಕ ಬಾ."

ಫೋನ್ ಇಟ್ಟ ಮೇಲೆ ನೆನಪಾಯಿತು. 28ಕ್ಕೆ ತೇರದಾಳದಲ್ಲಿ ಅಕ್ಕನ ಮೊಮ್ಮಗನ ಹೆಸರಿಡುವ ಕಾರ್ಯ. ಇರಲಿ, ಇವರು ಇರುತ್ತಾರೆ ಮನೆಯಲ್ಲಿ.

ಏಪ್ರಿಲ್ 28, ಬೆಳಿಗ್ಗೆ

ಹೊರಟೆ. ಸೀರೆ ಉಟ್ಟು, ಬೀಗದ ಕೈ ಕೊಟ್ಟು, ಇವರಿಗೆ ಮತ್ತೆ ಮತ್ತೆ ಹೇಳಿದೆ. "ಹಾಲೇಶಗ ಹಗೂರಕ ಸವರಾಕ ಹೇಳ್ರಿ. ಹಗೂರಕ." ಮೊಬೈಲ್ ನೋಡುತ್ತಲೇ "ಹೂಂ" ಅಂದರು. ಕಟ್ಟೆಯ ಮಾತು ಬಂದ ದಿನದಿಂದ ಗಿಡದ ವಿಷಯಕ್ಕೆ ಇವರದು ಬರೀ 'ಹೂಂ'.

ಏಪ್ರಿಲ್ 28, ಸಂಜೆ

ಆಟೋ ಇಳಿದು ಓಣಿಗೆ ತಿರುಗಿದೆ. ಬೆಳಕು ಬೇರೆಯಾಗಿತ್ತು. ನಮ್ಮ ಮನೆಯ ಮೇಲೆ ಯಾವತ್ತೂ ಕಾಣದ ಆಕಾಶ.

ಇಲ್ಲ, ಬರೆಯಲು ಆಗುವುದಿಲ್ಲ.

ಮೇ 2

ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ, ಇವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿಟ್ಟು ಸ್ವಲ್ಪ ಇಳಿದಿದೆ. ಬರೆಯುತ್ತೇನೆ.

ತಂಗೆವ್ವನ ಕಡೆಯ ಅರ್ಧ ಪೂರ್ತಿ ಬೋಳು. ಒಂದು ಎಲೆ ಇಲ್ಲ. ದೊಡ್ಡ ಟೊಂಗೆಗಳ ಮೊಂಡು ಕೈಗಳು ಮಾತ್ರ. ಕೆಳಗೆ ಸೊಪ್ಪಿನ ರಾಶಿ, ಅದರಲ್ಲಿ ಆಡುಗಳಿಗೆ ಹಬ್ಬ. ಹಾಲೇಶ ಬೆವರು ಒರೆಸಿಕೊಂಡು ನಿಂತಿದ್ದ, ಮುಖದ ತುಂಬ ಸಂತೋಷ. "ನೋಡ್ರಿ ಬಾಯಾರ, ಎಷ್ಟ ಛಂದ ಸವರೀನಿ! ಅರ್ಧಕ್ಕ ಈಕಿ ಬಂದು ಕುಂತ್ಲು, ಇಲ್ಲಂದ್ರ ಇನ್ನೊಂದ ಕಡೀನೂ ಮುಗಸತಿದ್ನಿ."

ಈಕೆ ಅಂದರೆ ತಂಗೆವ್ವ. ಆಡು ಮೇಯಿಸಿ ಬಂದವಳು ನೋಡಿದ್ದಾಳೆ, ಗೇಟು ತೆಗೆದು ನಮ್ಮ ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದಾಳೆ. "ಇನ್ನೊಂದ ಟೊಂಗಿ ಬೀಳೂದಿದ್ರ ನನ್ನ ತಲಿ ಮ್ಯಾಗ ಬೀಳ್ಲಿ" ಅಂತ. ನಾನು ಬರುವವರೆಗೂ ಎದ್ದಿರಲಿಲ್ಲ. ಯಾವ ಗಿಡದಿಂದ ಅವಳ ಮನೆ ಮುರಿಯಿತೋ ಅದೇ ಗಿಡದ ಕೆಳಗೆ.

ಪಂಚಾಯಿತಿ ನಡೆಯಿತು. ಇವರು ಅಂದರು, "ನೀನ ಹೇಳಿದಿ ಸವರಸ್ರಿ ಅಂತ. ನಾನೂ ಅದನ್ನ ಹೇಳಿದ್ನಿ, ಸವರಿಬಿಡಪಾ ಅಂತ."

"ಹಗೂರಕ ಅಂದಿದ್ನಿ!"

"ಹಗೂರಕನ ಏರ್ಯಾನ, ಹಗೂರಕನ ಇಳದಾನ. ನಾ ನೋಡೀನಿ."

ಹಾಲೇಶನ ಊರಲ್ಲಿ ಬೇಸಿಗೆಯ ಕೊನೆಗೆ ಆಡು-ಕುರಿಗಳಿಗೆ ಅಂತ ಬೇವು ಸವರುತ್ತಾರಂತೆ. ಸವರುವುದು ಅಂದರೆ ಪೂರ್ತಿ ಬೋಳಿಸುವುದು. ನನ್ನ ಬಾಯಲ್ಲಿ ಸವರುವುದು ಅಂದರೆ ಬಾಚಣಿಕೆ ಆಡಿಸಿದ ಹಾಗೆ, ಅಲ್ಲಿ ಇಲ್ಲಿ. ಮಗುವಿನ ಬೆನ್ನು ಸವರುತ್ತೇವೆ. ಗಾಯಕ್ಕೆ ಎಣ್ಣೆ ಸವರುತ್ತೇವೆ. ದಂಡು ಬಂದು ಊರನ್ನೇ ಸವರಿ ಹಾಕಿತು ಅಂತಲೂ ಅನ್ನುತ್ತೇವೆ. ಒಂದೇ ಶಬ್ದ, ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ, ಅದರ ಹಲ್ಲು ಕಂಡಿರಲಿಲ್ಲ.

ಚೌದಶಿ ಅಂತ ಮುಂದೂಡದಿದ್ದರೆ ನಾನೇ ಮುಂದೆ ನಿಂತಿರುತ್ತಿದ್ದೆ. ಹಸಿರು ಉಳಿಸಲು ಹೋಗಿ... ಸಾಕು.

ಮೇ 4

ಫೋಟೋ ಕಳಿಸಿದ್ದೆ. ನೋಡಿದ ಕೂಡಲೇ ಮೇಘಾ ಫೋನ್ ಮಾಡಿದಳು.

"ಅತ್ತಿ, ಈಗ ಎಲ್ಲಾ ಭಾರ ನಿಮ್ಮ ಕಡೀಕ ಬಂತು. ಬೀಳೂದಾದ್ರ ನಿಮ್ಮ ಮನಿ ಮ್ಯಾಲೆನ ಬೀಳತೈತಿ. ಇನ್ನೊಂದ ಕಡಿ ಈಗ ಮುಟ್ಟಬ್ಯಾಡ್ರಿ, ಒಮ್ಮಿಗೆ ಅಷ್ಟ ತಗದ್ರ ಗಿಡ ತಡಕೊಳ್ಳಂಗಿಲ್ಲ. ತಿಂಗಳ ಬಿಟ್ಟು ನಾನ ಬಂದು ನಿಂತು ಸ್ವಲ್ಪ ತಗಸ್ತೇನಿ. ಕಟ್ಟಿ ಮಾತ್ರ..." ಅಲ್ಲಿಗೆ ನಿಲ್ಲಿಸಿದಳು. ಹುಡುಗಿ ಕಲಿತಿದ್ದಾಳೆ.

ಸಿದರಾಯನೂ ಬಂದು ನೋಡಿ ಹೋದ. ಅವನ ಕಡೆ ಬೋಳು ಆಕಾಶ. "ಆತು ಬಿಡ್ರಿ, ಅವ್ವ ಇಲ್ಲೇ ಇರ್ಲಿ" ಅಂದ. ಆಮೇಲೆ ನಮ್ಮ ಹಂಚಿನ ಕಡೆ ಕಣ್ಣು ಹೊರಳಿಸಿದ.

ಈಗ ಸರದಿ ಇವರದು. ಊಟ ಮಾಡುತ್ತಲೇ, ತಲೆ ಎತ್ತದೆ: "ಗಿಡಾ ತಗಸಿಬಿಡ್ತೇನಿ. ಪೂರ್ತಿ."

"ಯಾಕ?"

"ನೀ ಮಲಗೂದು ಆ ಟೊಂಗಿ ತಳಗ."

ಜಗಳಕ್ಕೆ ಸಿದ್ಧವಾಗಿ ಕೂತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ತಲೆಯ ಬಗ್ಗೆ ಇವರು ಚಿಂತೆ ಮಾಡಿದ್ದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅದೂ ನನ್ನ ಗಿಡದ ಮೇಲೆಯೇ ಬರಬೇಕೇ. "ಮಿರಗತನಕ ತಡೀರಿ" ಅಂದೆ. "ಹೂಂ" ಅಂದರು. ಈ 'ಹೂಂ' ಮೊದಲಿನ ಉದಾಸೀನದ್ದಲ್ಲ, ಹಾಗಂತ ಒಪ್ಪಿದ್ದೂ ಅಲ್ಲ.

ಮೇ 5

ಬೆಳಿಗ್ಗೆ ಎದ್ದು ನೋಡಿದರೆ ತಂಗೆವ್ವ ಏಣಿ ಹಾಕಿಕೊಂಡು ಕಡಿದ ಟೊಂಗೆಗಳಿಗೆ ಭಂಡಾರ ಬಳಿಯುತ್ತಿದ್ದಾಳೆ. ಬೀರಪ್ಪನ ಅರಿಷಿಣ. ಮೊಂಡು ಕೈಗಳೆಲ್ಲ ಹಳದಿ.

"ಏನ್ ಮಾಡಾಕತ್ತೀಯಬೇ?"

"ಸವರಾಕತ್ತೇನ್ರಿ." ಹೇಳಿ ತಾನೇ ಹೆದರಿದಳು. "ಅಲ್ಲಲ್ಲ, ಹಚ್ಚಾಕತ್ತೇನಿ, ಹಚ್ಚಾಕತ್ತೇನಿ!"

ಏಣಿ ಅಲುಗುವಷ್ಟು ನಕ್ಕಳು. ಎಷ್ಟೋ ದಿನದ ಮೇಲೆ ನಾನೂ ನಕ್ಕೆ. ಇವತ್ತಿನಿಂದ ಎರಡೂ ಮನೆಯಲ್ಲಿ ಆ ಶಬ್ದ ಬಂದ್. ಮೊಣಕಾಲಿಗೆ ಎಣ್ಣೆ ಈಗ ಹಚ್ಚುವುದು ಮಾತ್ರ.

ಮೇ 14, ಸಂಜೆ

ಒದ್ದೆ ಸೀರೆ ಕೂಡ ಬದಲಿಸಿಲ್ಲ. ಮೊದಲು ಬರೆದಿಡುತ್ತೇನೆ.

ಮಧ್ಯಾಹ್ನ ಊಟ ಮಾಡಿ ಇವರು ಮಲಗಿದ್ದರು. ಒಮ್ಮೆಲೇ ಓಣಿಯ ಮಗ್ಗಗಳೆಲ್ಲ ನಿಂತವು. ಕರೆಂಟ್ ಹೋಗಿತ್ತು. ಬನಹಟ್ಟಿಯಲ್ಲಿ ಮಗ್ಗ ನಿಂತರೆ ಏನೋ ಕಳೆದುಕೊಂಡ ಹಾಗೆ ಎಲ್ಲರೂ ಬಾಗಿಲಿಗೆ ಬರುತ್ತಾರೆ. ನಾನೂ ಬಂದೆ. ಜಮಖಂಡಿ ದಿಕ್ಕು ಪೂರ್ತಿ ಕಪ್ಪು. ಗಾಳಿ ಬರುವ ಮೊದಲೇ ಅದರ ಸದ್ದು ಬಂತು.

ಗಿಡ ನಮ್ಮ ಕಡೆ ಬಾಗಿತು. ಎದ್ದಿತು. ಮತ್ತೆ ಬಾಗಿತು. ಒಂದೇ ಕಡೆ ತುಂಬಿದ ತಲೆ, ಇನ್ನೊಂದು ಕಡೆ ಹಿಡಿದು ಎಳೆಯಲು ಏನೂ ಇಲ್ಲ. ಕಟ್ಟೆಯ ಒಂದು ಟೈಲ್ ಟಪ್ ಅಂತ ಸಿಡಿದು ನನ್ನ ಕಾಲ ಹತ್ತಿರ ಬಿತ್ತು. ಇವರು ಎದ್ದು ಬಂದು ನನ್ನ ರಟ್ಟೆ ಹಿಡಿದುಕೊಂಡರು. ಒಳಗೆ ಹೋಗಲು ಭಯ, ಹೊರಗೆ ನಿಲ್ಲಲು ಭಯ.

"ವೈನಿ! ಏನ್ ನೋಡ್ಕೋತ ನಿಂತೀರಿ? ಇತ್ತಾಗ ಬರ್ರಿ!"

ತಂಗೆವ್ವ ಗೇಟಿಗೇ ಬಂದಿದ್ದಳು, ತಲೆಯ ಮೇಲೆ ಗೋಣಿತಟ್ಟು. ನಾನು ಇವರ ಮುಖ ನೋಡಿದೆ. ಇವರು ಕೆಳಗೆ ನೋಡಿದರು.

"ಸಾವಕಾರ್ರ, ನಮ್ಮ ಮನಿ ನಿಮಗ ನಡಿಯಂಗಿಲ್ಲ, ನನಗ ಗೊತ್ತೈತಿ. ಗಿಡಕ್ಕ ಗೊತ್ತಿಲ್ಲ. ಬರ್ರಿ."

ಹೋದೆವು. ಅವಳ ಹೊಸ್ತಿಲ ಮುಂದೆ ಇವರು ನಿಂತೇ ನಿಂತರು. ಮಳೆ ಬೆನ್ನಿಗೆ ಬಡಿಯುತ್ತಿದೆ. ಆಮೇಲೆ ಚಪ್ಪಲಿ ಬಿಟ್ಟರು. ಆ ಗಾಳಿಯಲ್ಲೂ ಎರಡನ್ನೂ ಜೋಡಿಸಿ ಇಟ್ಟರು, ದೇವರ ಗುಡಿಗೆ ಹೋಗುವವರ ಹಾಗೆ. ಒಳಗೆ ಕಾಲಿಟ್ಟರು.

ಒಳಗೆ ಸಾರಿಸಿದ ನೆಲ. ಬೀರಪ್ಪನ ಫೋಟೋಕ್ಕೆ ಹಳದಿ. ಮೂಲೆಯಲ್ಲಿ ಆಡುಗಳು ನಮ್ಮನ್ನು ನೋಡಿ ಮೆಲುಕು ನಿಲ್ಲಿಸಿದವು. ಅವಳು ಕಂಬಳಿ ಹಾಸಿದಳು, ಕೂತೆವು. ತಗಡಿನ ಮೇಲೆ ಮಳೆ, ಮಾತು ಕೇಳುವುದಿಲ್ಲ. ಪ್ರತಿ ಸಲ ಗಾಳಿ ಬೀಸಿದಾಗ ಮೂವರೂ ಉಸಿರು ಹಿಡಿದು ನಮ್ಮ ಮನೆಯ ಕಡೆ ಕಿವಿ ಕೊಡುತ್ತಿದ್ದೆವು. ಈಗ ಬಿತ್ತು, ಈಗ ಬಿತ್ತು... ಬೀಳಲಿಲ್ಲ.

ಮಳೆ ಸಣ್ಣದಾದಾಗ ಇವರಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ತಂಗೆವ್ವ ಒಂದು ಮೂಲೆ ತೋರಿಸಿದಳು. ಅಲ್ಲಿ ಒಂದು ಮಣೆ, ಅದರ ಮೇಲೆ ಹೊಸ ಮಡಕೆ, ಬಾಯಿಗೆ ಬಿಳಿ ಅರಿವೆ ಕಟ್ಟಿದೆ. ಪಕ್ಕದಲ್ಲಿ ಹೊಸ ತಂಬಿಗೆ.

"ಗಿಡದ ಭಾರ ನಿಮ್ಮ ಕಡಿ ಬಂದೈತಿ ಅಂತ ಕೇಳಿದ ದಿನಾನ ತಂದಿಟ್ಟೀನ್ರಿ. ಗಾಳಿ ಬಿಟ್ರ ಎಲ್ಲಿಗೆ ಹೋಗ್ತೀರಿ, ಇಲ್ಲೇ ಬರ್ತೀರಿ ಅಂತ. ದಿನಾ ಹೊಸಾ ನೀರ ಸೋಸಿ ಹಾಕ್ತೇನಿ. ಆ ಮೂಲಿಗೆ ನಾ ಬ್ಯಾರೆ ಏನೂ ಒಯ್ಯಂಗಿಲ್ಲ. ನೀವ ಹೋಗಿ ತಗೋರಿ, ನಾ ಮುಟ್ಟಂಗಿಲ್ಲ."

ದಿನವೂ. ನಮಗೆ ಒಂದು ಮಾತು ಹೇಳದೆ. ಬರುತ್ತೇವೋ ಇಲ್ಲವೋ ಗೊತ್ತಿಲ್ಲದೆ.

ಇವರು ಎದ್ದು ಹೋಗಲಿಲ್ಲ. ಕೂತಲ್ಲಿಂದಲೇ ಬೊಗಸೆ ಮುಂದೆ ಮಾಡಿದರು. "ನೀನ ಹಾಕ, ತಂಗೆವ್ವ." ಅವಳು ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ. ಅವಳು ತಂಬಿಗೆ ಬಗ್ಗಿಸಿದಳು, ಅರ್ಧ ನೀರು ಕಂಬಳಿಗೆ ಹೋಯಿತು. ಉಳಿದದ್ದು ಕುಡಿದರು. "ನೀರು ತಣ್ಣಗ ಅದಾವ" ಅಂದರು.

ನಾನೂ ಬೊಗಸೆ ಒಡ್ಡಿದೆ. ಕುಡಿದೆ. ಅತ್ತುಬಿಟ್ಟೆ. ಇಷ್ಟು ವರ್ಷ ಒಂದು ಗೋಡೆಯ ಅಂತರದಲ್ಲಿದ್ದು, ಬಾಯಾರಿದಾಗೆಲ್ಲ ನನ್ನ ಮನೆಗೇ ಹೋಗಿ ಕುಡಿದು ಬಂದು ಅವಳ ಜೊತೆ ಮಾತು ಮುಂದುವರಿಸುತ್ತಿದ್ದೆ.

ಗಿಡ ನಿಂತಿದೆ. ಹಂಚು ಕೆಲವು ಒಡೆದಿವೆ. ಮನೆಗೆ ಬಂದ ಮೇಲೆ ಇವರು ಆ ಸಿಡಿದ ಟೈಲ್ ಕೈಯಲ್ಲಿ ಹಿಡಿದು ಕಟ್ಟೆಯ ಮುಂದೆ ಬಹಳ ಹೊತ್ತು ನಿಂತಿದ್ದರು.

ಮೇ 16

ಕಣ್ಣು ಬಿಡುವಷ್ಟರಲ್ಲಿ ಠಣ್ ಠಣ್ ಸದ್ದು. ಹೊರಗೆ ಬಂದರೆ ಇವರು ಬರೀ ಬನಿಯನ್‌ನಲ್ಲಿ ಕೂತು ಉಳಿ-ಸುತ್ತಿಗೆ ಹಿಡಿದಿದ್ದಾರೆ. ಮೊದಲ ಏಟಿಗೆ ಕಪ್ಪು ಕಲ್ಲನ್ನೇ ಬಿಡಿಸಿದ್ದರು. ಒಂದು ಚೂರೂ ಒಡೆದಿಲ್ಲ. ಒರೆಸಿ, ಗೋಡೆಗೆ ಒರಗಿಸಿ ಇಟ್ಟಿದ್ದರು.

"ಗೌಂಡಿನ್ನ ಕರೀರಿ. ಒಂದ ತಾಸಿನ ಕೆಲಸ."

"ಗಾರೆ ಕೆಲಸದವರ ಕೈಗೆ ಹಗೂರಕ ತಿಳಿಯಂಗಿಲ್ಲ" ಅಂದರು. ನಾನು ಕಸದ ಬುಟ್ಟಿ ತಂದು ಪಕ್ಕಕ್ಕಿಟ್ಟೆ.

ಮೇ 21

ದಿನಾ ಅಂಗಡಿಗೆ ಹೋಗುವ ಮೊದಲು ಒಂದಿಷ್ಟು. ಸಿಮೆಂಟು ಆಯಿತು, ಈಗ ಮಣ್ಣು. ಬೊಡ್ಡೆ ಹತ್ತಿರ ಬಂದಾಗ ಉಳಿ ಬಿಟ್ಟು ಬೆರಳಿನಿಂದ ತೆಗೆಯುತ್ತಾರೆ, ಮೇಘಾ ವಿಡಿಯೋ ಕಾಲ್‌ನಲ್ಲಿ ಹೇಳಿದ ಹಾಗೆ. ಒಳಗೆ ತೊಗಟೆ ಕಪ್ಪಗೆ, ಒದ್ದೆ, ಹಳಸಿದ ವಾಸನೆ. ನಮ್ಮ ಕಡೆ ಒಂದು ಕೈಯಷ್ಟು ಅಗಲ ಮೆತ್ತಗಾಗಿದೆ. ಇವರು ಅದನ್ನು ನೋಡಿ ಕೂತುಬಿಟ್ಟರು.

"ಅಪ್ಪನ ಹೆಸರಿನ ತಳಗ ಇದು ನಡದಿತ್ತು ನೋಡ."

ಪಕ್ಕದಲ್ಲಿ ಕೂತೆ. ಮಣ್ಣು ತೆಗೆಯತೊಡಗಿದೆ. ನನ್ನ ಕೈಗೇ ಸಿಕ್ಕಿತು: ದೊಡ್ಡ ಬೇರು, ನನ್ನ ಸೊಂಟದಷ್ಟು. ಹೋಗಲಿ, ಮೊದಲಿನ ಸೊಂಟ. ಗೋಡೆಯ ಬುಡದ ಕೆಳಗೆ ನುಗ್ಗಿ ನೆಟ್ಟಗೆ ತಂಗೆವ್ವನ ಮನೆಯ ಕಡೆ ಹೋಗಿದೆ. ಗಟ್ಟಿ, ಒಂದು ಕಲೆ ಇಲ್ಲ.

ಮೇಘಾಳಿಗೆ ತೋರಿಸಿದೆವು. "ಅತ್ತಿ, ಇದ ಹಿಡದೈತಿ ಗಿಡಾನ! ಇದ ಇಲ್ಲಂದ್ರ ಅವತ್ತ ಬೀಳತಿತ್ತು."

ತಂಗೆವ್ವ ಗೋಡೆ ಮೇಲಿಂದ ಇಡೀ ದೇಹ ಬಗ್ಗಿಸಿ ನೋಡಿದಳು. ಗೆದ್ದವಳ ಮುಖ. "ಗೂಟ ನಮ್ಮದು ಅಂತ ಹೇಳಿದ್ದಿಲ್ಲೇನ್ರಿ?"

ಇವರು ಕೈಯ ಮಣ್ಣು ಕೊಡವಿಕೊಂಡು ಗಂಭೀರವಾಗಿ ಹೇಳಿದರು, "ಹೌದವ್ವ. ಗೂಟ ನಿಮ್ಮದು. ಕೈಚೀಲ ನಮ್ಮದು." ವ್ಯಾಜ್ಯ ಮುಗಿಯಿತು. ಗಿಡ ಕಡಿಸುವ ಮಾತು ಇನ್ನು ಇವರ ಬಾಯಲ್ಲಿ ಬರಲಿಕ್ಕಿಲ್ಲ.

ಜೂನ್ 3

ಬೋಳು ಕಡೆ ಚಿಗುರಿದೆ! ಭಂಡಾರದ ಕೆಳಗಿಂದ, ಕೆಂಪಗೆ, ಮಗುವಿನ ಉಗುರಿನಷ್ಟು. ತಂಗೆವ್ವ ಬೀರಪ್ಪ ಅನ್ನುತ್ತಾಳೆ. ಮೇಘಾ ಬೇರು ಅನ್ನುತ್ತಾಳೆ. ನಾನು ಇಬ್ಬರಿಗೂ ಹೌದು ಅಂದೆ.

ಇವತ್ತು ಮೇಘಾ ಬಂದು ನಿಂತು ನಮ್ಮ ಕಡೆಯ ಭಾರ ಸ್ವಲ್ಪ ತೆಗೆಸಿದಳು. ಅದೇ ಹಾಲೇಶ. ಉದ್ದ ಬಿದಿರಿನ ಗಳ ಹಿಡಿದು "ಇದು... ಇದು... ಅದಲ್ಲ" ಅಂತ ತೋರಿಸುತ್ತಾ ಹೋದಳು. ಯಾರ ಬಾಯಲ್ಲೂ ಆ ಶಬ್ದ ಬರಲಿಲ್ಲ. ಸಿದರಾಯ ಚಿಕ್ಕಪಡಸಲಗಿಯಿಂದ ಕವಲಿರುವ ಜಾಲಿ ಕಂಬ ತಂದು, ನಾನು ಮಲಗುವ ಕೋಣೆಯ ಮೇಲಿನ ಟೊಂಗೆಗೆ ಆಧಾರ ಕೊಟ್ಟ. ಹೊರಡುವಾಗ ಮೇಘಾ ಅಂದಳು, "ಗ್ಯಾರಂಟಿ ಕೊಡಂಗಿಲ್ಲ ಅತ್ತಿ. ಮಿರಗದ ಗಾಳಿ ತಡಕೊಂಡ್ರ ಮುಂದ ಚಿಂತಿ ಇಲ್ಲ."

ಜೂನ್ 8, ಬೆಳಿಗ್ಗೆ

ಮಿರಗ ಕೂಡಿತು. ಗುಡಿಸಿದೆ. ಮೊದಲ ಹಣ್ಣು ಬಿದ್ದಿವೆ, ಹಿಂದೆಯೇ ನೊಣ. ಕಟ್ಟೆ ಇದ್ದಲ್ಲಿ ಈಗ ತಗ್ಗು. ಬೊಡ್ಡೆ ಕೆಳಗೆ ಅಗಲವಾಗಿ ಕಾಣುತ್ತದೆ. ಇಷ್ಟು ವರ್ಷ ಗಿಡದ ಪಾದವನ್ನೇ ನೋಡಿರಲಿಲ್ಲ. ಮಾವನ ಹೆಸರಿನ ಕಲ್ಲು ಗೋಡೆಗೆ ಒರಗಿದೆ, ನೆರಳಲ್ಲೇ.

ಜೂನ್ 8, ಸಂಜೆ ನಾಲ್ಕು

ಮಗ್ಗ ನಿಂತವು. ಜಮಖಂಡಿ ದಿಕ್ಕು ಕಪ್ಪು. ಬಿಪಿ ಗುಳಿಗೆ ನುಂಗಿದೆ. ತಂಗೆವ್ವನ ಮನೆಗೆ ಹೋಗಬೇಕು, ಮಡಕೆಗೆ ಬೆಳಿಗ್ಗೆಯೇ ನೀರು ಸೋಸಿ ಇಟ್ಟಿದ್ದಾಳಂತೆ. ಇವರೆಲ್ಲಿ?

ಕಿಟಕಿಯಿಂದ ಕಾಣುತ್ತಿದ್ದಾರೆ. ತಗ್ಗಿನಲ್ಲಿ ಇಳಿದು ಗಿಡದ ಬುಡಕ್ಕೆ ಕೂತಿದ್ದಾರೆ. ಆ ಮೆತ್ತಗಾದ ಜಾಗ ಒಣಗಿದೆ, ಅಲ್ಲಿ ಅಂಗೈ. ಮೇಲೆ, ಕೆಳಗೆ. ಮೇಲೆ, ಕೆಳಗೆ. ಧೂಳು ಎದ್ದಿದೆ, ಗೊತ್ತೇ ಇಲ್ಲ ಇವರಿಗೆ.

ತಂಗೆವ್ವ ಗೋಡೆ ಮೇಲೆ ತಲೆ ಹಾಕಿದಳು.

"ಸಾವಕಾರ್ರ! ಗಾಳಿ ಬಂತು, ಅಲ್ಲೇನ್ ಮಾಡಾಕತ್ತೀರಿ? ಮತ್ತ ಸವರಾಕತ್ತೀರೇನು?"

ಇವರು ತಿರುಗಿಯೂ ನೋಡಲಿಲ್ಲ.

"ಹೂಂ. ಈ ಸಲ ಕೈಲೆ."

ನಾನೂ ಹೋಗುತ್ತೇನೆ. ಕಿಟಕಿ ಹಾಕಬೇಕು. ಮೊದಲು ಗಿಡದ ಹತ್ತಿರ, ಆಮೇಲೆ ಅವಳ ಮನೆಗೆ... ಕರೆಯುತ್ತಿದ್ದಾರೆ ಇಬ್ಬರೂ, ಗಾಳಿ ಈಗ ಅಂಗಳಕ್ಕೇ ಬಂತು. ಪೆನ್ನು ಇಡುತ್ತೇನೆ.